ಮಾರ್ಸೇಲ್ಸ್ ಮಾರ್ಗವಾಗಿ

ಸೌತಾಂಪ್ಟನ್, 1853 ಡಿಸೆಂಬರ್ 19, ಸೋಮವಾರ

ಇವತ್ತೂ ಆಂಬ್ರೋಸ್ ಊಟಕ್ಕೆ ಬರಲಿಲ್ಲ. ಹಡಗು ಹೊರಡುವ ಮುನ್ನಾದಿನ ಬಂದರಿನ ಟಪಾಲು ಕಚೇರಿಯೇ ಅವರ ಮನೆ. ಕಲ್ಕತ್ತೆಯ ಪೆಟ್ಟಿಗೆಗಳು ಒಂದು ಕಡೆ, ಮದರಾಸಿನವು ಇನ್ನೊಂದು ಕಡೆ, ಮಾಲ್ಟಾ, ಏಡನ್... ಒಂದು ಪೆಟ್ಟಿಗೆ ಜಾಗ ತಪ್ಪಿದರೆ ಯಾರದೋ ಮದುವೆಯ ಮಾತು ಸಿಂಗಪುರಕ್ಕೆ ಹೋಗಿ ಕೂರುತ್ತದೆ ಎನ್ನುತ್ತಾರೆ.

ನನ್ನ ಪಾಲಿನ ಕಾಗದಗಳೂ ಮುಗಿದವು. ಅತ್ತೆ ತೀರಿಕೊಂಡು ಇನ್ನೂ ಎರಡು ವಾರವಾಗಿಲ್ಲ. ಅಗಾಥಾ — ಆಂಬ್ರೋಸ್‌ರ ಅಕ್ಕ, ನಮ್ಮ ಜೊತೆಗೇ ಇರುವವರು — ಸೂತಕದ ಕಪ್ಪು ಅಂಚಿನ ಲಕೋಟೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಬಿಳಿಯವನ್ನೆಲ್ಲ ಬೀರುವಿನಲ್ಲಿ ಹಾಕಿ ಬೀಗ ಜಡಿದಿದ್ದಾರೆ. ಅರ್ಧ ಬೆರಳಗಲದ ಅಂಚು. "ಇದಕ್ಕಿಂತ ಸಣ್ಣದಾದ್ರೆ ಸೊಸೆಗೆ ಖುಷಿಯಾಗಿದೆ ಅಂತಾರೆ ಜನ," ಎಂದರು. ಖುಷಿಯೇನೂ ಆಗಿಲ್ಲ. ದುಃಖವೂ ಅಷ್ಟಾಗಿ ಇಲ್ಲ. ಇದನ್ನು ಇಲ್ಲಿ ಮಾತ್ರ ಬರೆಯಬಹುದು.

ಎಲ್ಲರಿಗೂ ಸಾವಿನ ಸುದ್ದಿ ಬರೆದು ಕೊನೆಗೆ ಕಲ್ಕತ್ತೆಗೆ, ತಂಗಿ ಲೆಟ್ಟಿಗೆ. ಅದೊಂದನ್ನು ಸಂತೋಷದಿಂದ ಬರೆದೆ. ಹಿಂದಿನ ಹಡಗಿಗೆ, ನಮ್ಮ ಬಳಿ ಬೆಳೆಯುತ್ತಿರುವ ಅವಳ ಮಗಳ ಜ್ವರದ ಸುದ್ದಿ ಹಾಕಿದ್ದೆ — ಕೆಂಪು ಜ್ವರ, ಡಾಕ್ಟರು ಕೈಚೆಲ್ಲಿದ್ದಾರೆ, ದೇವರಿದ್ದಾನೆ. ಈ ಸಲ: ಟಿಲ್ಲಿ ಎದ್ದು ಕೂತಿದ್ದಾಳೆ, ಗಂಜಿ ಬೇಡ ಮೊಟ್ಟೆ ಬೇಕು ಎಂದು ಜಗಳ ತೆಗೆಯುತ್ತಿದ್ದಾಳೆ. ಕಪ್ಪು ಅರಗು ಹಾಕಿ ಮುಚ್ಚಿದೆ. ಮೊಹರು ಒತ್ತುವಾಗ ಬೆರಳು ಸುಟ್ಟುಕೊಂಡೆ.

ಡಿಸೆಂಬರ್ 20

ಮಧ್ಯಾಹ್ನ ಹಡಗು ಹೊರಟಿತು. ಟಿಲ್ಲಿಗೆ ಶಾಲು ಸುತ್ತಿ ಕಿಟಕಿಯ ಬಳಿ ಕೂರಿಸಿದ್ದೆ.

"ದೊಡ್ಡಮ್ಮಾ, ಆ ಹೊಗೆ ಅಮ್ಮನ ಮನೆವರೆಗೂ ಹೋಗತ್ತಾ?"

ಹೋಗುವುದಿಲ್ಲ ಎಂದೆ. ಹೂಂ ಎನ್ನಬಹುದಿತ್ತು.

ಡಿಸೆಂಬರ್ 21, ಬೆಳಿಗ್ಗೆ

ಕಲ್ಕತ್ತೆಯ ಟಪಾಲು ಬಂತು. ಲೆಟ್ಟಿ ನವೆಂಬರ್ ಮೊದಲಲ್ಲಿ ಬರೆದ ಕಾಗದ. ಜ್ವರದ ಸುದ್ದಿ ತಿಳಿಯದೆ ನಗುನಗುತ್ತ ಬರೆದಿದ್ದಾಳೆ. ಮತ್ತೆ ಬಸುರಿ. ಎರಡು ಬಸಿರು ಜಾರಿದ ಮೇಲೆ ಇದು. ಮನಸ್ಸಿಗೆ ಧಕ್ಕೆಯಾಗುವಂಥದ್ದೇನೂ ಕೂಡದೆಂದು ಡಾಕ್ಟರು ಅವಳ ಗಂಡ ಹ್ಯೂಗೆ ಹೇಳಿದ್ದಾರಂತೆ. ಆಮೇಲೆ ಹೀಗೆ:

"ಟಪಾಲಿನ ದಿನ ಜವಾನ ಗೇಟು ದಾಟುವಾಗಲೇ ವರಾಂಡದಿಂದ ಲಕೋಟೆಯ ಅಂಚು ನೋಡಿಬಿಡುತ್ತೇನೆ, ಅಕ್ಕ. ಬಿಳಿ ಕಂಡರೆ ಉಸಿರು ಬರುತ್ತದೆ. ಊರಿನಲ್ಲಿ ಬಿಟ್ಟುಬಂದ ಮಗ ತೀರಿಕೊಂಡ ಸುದ್ದಿ ಪಕ್ಕದ ಮನೆಯಾಕೆಗೆ ಬಂದದ್ದು ಕಪ್ಪಂಚಿನಲ್ಲೇ. ನನಗೆ ಅಂಥದ್ದು ಬಂದರೆ ನಾನು ಒಡೆಯುವುದಿಲ್ಲ. ಹ್ಯೂ ಬಂದು ಒಡೆಯಲಿ."

ಎರಡು ಸಲ ಓದಿದೆ.

ಕಪ್ಪು ಅಂಚು. ಕಪ್ಪು ಅರಗು. ನನ್ನ ಅಕ್ಷರ. ಜ್ವರದ ಕಾಗದದ ಬೆನ್ನಿಗೇ.

ಅದೇ ದಿನ, ಸಂಜೆ

"ವಾಪಸ್ ತರಿಸಕ್ಕೆ ಆಗಲ್ವೇನ್ರಿ?"

"ಹಡಗು ಬಿಸ್ಕೇ ಕೊಲ್ಲಿ ಹತ್ರ ಇರತ್ತೆ, ಹ್ಯಾರಿಯೆಟ್. ಈಜ್ಕೊಂಡು ಹೋಗ್ಲಾ?" ನನ್ನ ಮುಖ ನೋಡಿ ಆಂಬ್ರೋಸ್ ಬೂಟು ಬಿಚ್ಚುವುದನ್ನು ನಿಲ್ಲಿಸಿದರು. ಲೆಟ್ಟಿಯ ಕಾಗದ ಕೊಟ್ಟೆ. ಓದಿದರು. ತಮಾಷೆ ಅಲ್ಲಿಗೆ ಮುಗಿಯಿತು.

ಉಪ್ಪಿನ ಬಟ್ಟಲನ್ನು ಮೇಜಿನ ನಡುವೆ ಇಟ್ಟರು. ಅದು ಅಲೆಕ್ಸಾಂಡ್ರಿಯಾ. "ನಮ್ಮ ಹಡಗು ಸ್ಪೇನ್ ಸುತ್ತಿ ಇಲ್ಲಿಗೆ ಬರತ್ತೆ. ಲಂಡನ್ನಿಂದ ಇನ್ನೊಂದು ಚೀಲ ಶನಿವಾರ ಸಂಜೆ ಹೊರಡತ್ತೆ — ಫ್ರಾನ್ಸ್ ದಾಟಿ ಮಾರ್ಸೇಲ್ಸ್, ಅಲ್ಲಿಂದ ಬೇರೆ ಹಡಗು. ತಡವಾಗಿ ಹೊರಟ್ರೂ ಇಲ್ಲಿ ಬಂದು ಹಿಡಿಯತ್ತೆ."

"ಹಾಗಾದ್ರೆ ಈಗ ಬರೆದ್ರೆ ಅದೇ ಮೊದಲು ಸೇರತ್ತಾ?"

"ಇಲ್ಲ. ಮುಂದೆ ಮರಳುಗಾಡು, ಒಂಟೆಗಳು. ಸುಯೆಜ್‌ನಿಂದ ಎರಡಕ್ಕೂ ಒಂದೇ ಹಡಗು. ಎರಡೂ ಒಂದೇ ದಿನ ಸೇರೋದು."

"ಜವಾನನ ಕೈಯಲ್ಲಿ ಯಾವುದು ಮೇಲಿರತ್ತೆ?"

"ಅದು ನನ್ನ ಕೈಯಲ್ಲಿಲ್ಲ ಕಣೇ."

ಡಿಸೆಂಬರ್ 22

ಬೆಳಗಿನ ಜಾವ ಹೊಳೆಯಿತು. ಲೆಟ್ಟಿಗೆ ಬರೆಯಬಾರದು, ಹ್ಯೂನ ಆಫೀಸಿಗೆ ಬರೆಯಬೇಕು. ಹಡಗಿನ ತೋಪು ಹಾರಿದೊಡನೆ ಹ್ಯೂನಂಥ ನೀಲಿ ಬಣ್ಣದ ವ್ಯಾಪಾರಿಗಳು ಆಳು ಕಳಿಸಿ ಅಂಚೆ ಕಚೇರಿಯ ಕಿಟಕಿಯಲ್ಲೇ ಕಾಗದ ತರಿಸಿಕೊಳ್ಳುತ್ತಾರಂತೆ. ಮನೆಮನೆಗೆ ಜವಾನರು ಹೊರಡುವುದು ಆಮೇಲೆ. ಒಡೆಯುವುದಕ್ಕೂ ಕಾಯಬಾರದು — ಲಕೋಟೆಯ ಮೇಲೆಯೇ ದಪ್ಪ ಅಕ್ಷರದಲ್ಲಿ, "ಟಿಲ್ಲಿ ಗುಣವಾಗಿದ್ದಾಳೆ. ಲೆಟ್ಟಿಗೆ ಕೂಡಲೇ ತಿಳಿಸು."

ಅಗಾಥಾರ ಬಳಿ ಬೀರುವಿನ ಬೀಗದ ಕೈ ಕೇಳಿದೆ.

"ಅಮ್ಮನ್ನ ಮಣ್ಣು ಮಾಡಿ ಕೈ ತೊಳೆದಿಲ್ಲ, ಬಿಳಿ ಲಕೋಟೆ ಬೇಕಂತೆ ಇವಳಿಗೆ!"

"ಒಂದೇ ಒಂದು, ಅಕ್ಕ."

"ಮೇಲೆ ಬೇರೆ ಬರೀತೀಯಾ, ಅಂಗಡಿ ಬೋರ್ಡಿನ ಹಾಗೆ? ಹಡಗಿನ ಕಲಾಸಿಯಿಂದ ಹಿಡಿದು ಒಂಟೆಯವನವರೆಗೂ ಓದ್ಲಿ ಅಂತಲೋ?"

"ಒಂಟೆಯವನಿಗೆ ಇಂಗ್ಲಿಷ್ ಬರಲ್ಲ." ಆಂಬ್ರೋಸ್ ಬಾಗಿಲಲ್ಲಿ ನಿಂತಿದ್ದರು. "ಕೊಡು ಅಗಾಥಾ. ಹೋದವಳು ನನಗೂ ಅಮ್ಮನೇ."

ಕೊಟ್ಟರು. ಎಸೆದರು ಎನ್ನಬೇಕು.

ಎಡ ಮೂಲೆಯಲ್ಲಿ 'ಮಾರ್ಸೇಲ್ಸ್ ಮಾರ್ಗವಾಗಿ' ಎಂದು ಬರೆದು ಅಡಿಗೆರೆ ಎಳೆದೆ. ಕಾಗದ ಹರಿಯುವಷ್ಟು ಒತ್ತಿ ಎಳೆದೆ.

ಡಿಸೆಂಬರ್ 25

ಸೂತಕದ ಮನೆ, ಹಸಿರು ತೋರಣವಿಲ್ಲ. ಟಿಲ್ಲಿಗೆಂದು ಚಿಕ್ಕ ಪುಡಿಂಗು ಮಾಡಿದೆ. ಅಗಾಥಾ ಮುಟ್ಟುವುದಿಲ್ಲ ಎಂದವರು ಎರಡು ಸಲ ಹಾಕಿಸಿಕೊಂಡರು.

ಚರ್ಚಿನಲ್ಲಿ ಪ್ರಾರ್ಥನೆಯ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಬಿಳಿಯದು ಪ್ಯಾರಿಸ್ ದಾಟಿತೆ? ಕರಿಯದು ಜಿಬ್ರಾಲ್ಟರ್ ಮುಟ್ಟಿತೆ? ನನ್ನ ಕೈಬರಹವೇ ನನ್ನ ಕೈಬರಹವನ್ನು ಅಟ್ಟಿಸಿಕೊಂಡು ಹೋಗುತ್ತಿದೆ.

1854 ಜನವರಿ 17

ಜ್ವರದ ಕಾಗದ ಇವತ್ತೋ ನಾಳೆಯೋ ಲೆಟ್ಟಿಯ ಕೈ ಸೇರುತ್ತದೆ. ಟಿಲ್ಲಿ ಮೆಟ್ಟಿಲಿನ ಕಟಕಟೆಯ ಮೇಲೆ ಜಾರಿ ಅಗಾಥಾರಿಂದ ಏಟು ತಿಂದಳು. ಇಲ್ಲಿ ಕುಣಿಯುತ್ತಿರುವ ಹೊತ್ತಿಗೇ ಅಲ್ಲಿ ಸಾಯಲು ಮಲಗುತ್ತಾಳೆ. ಸಮುದ್ರದಷ್ಟು ಹಳೆಯ ಸುದ್ದಿಯನ್ನು ನಾವು ಸುದ್ದಿ ಎನ್ನುತ್ತೇವೆ.

ಫೆಬ್ರವರಿ 2

ಎರಡೂ ಕಲ್ಕತ್ತೆ ಸೇರುವುದು ಇವತ್ತಿರಬೇಕು. ಅಥವಾ ನಿನ್ನೆ.

ಬರೆಯಲಾರೆ.

ಮಾರ್ಚ್ 18

ಬಂತು. ಆಂಬ್ರೋಸ್ ಕಚೇರಿಯಿಂದ ತಾವೇ ಓಡಿ ಬಂದು ಕೊಟ್ಟರು — ಅವರು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎರಡು ಕಾಗದ, ಹ್ಯೂನದೊಂದು, ಲೆಟ್ಟಿಯದೊಂದು. ಬಿಳಿ ಅಂಚು. ಬಸಿರಿಗೆ ಏನೂ ಆಗಿಲ್ಲ. ಮೊದಲು ಹುಡುಕಿದ್ದು ಅದೊಂದು ಸಾಲನ್ನೇ.

ಆಮೇಲೆ ಓದಿದೆ.

ನನ್ನ ಬಿಳಿ ಲಕೋಟೆ ಬೆಳಿಗ್ಗೆಯೇ ಹ್ಯೂನ ಮೇಜಿಗೆ ಬಂದಿತ್ತು. ಹ್ಯೂ ನದಿಯಾಚೆ ಗೋದಾಮಿಗೆ ಹೋಗಿದ್ದ. ಗುಮಾಸ್ತ ಮೇಲಿನ ಬರಹ ಕಂಡು, ಸಾಹೇಬರ ಮನೆಯ ಮಾತು, ಬೇರೆಯವರು ಓದಬಾರದೆಂದು ಲಕೋಟೆಯನ್ನು ಬೋರಲು ಮಗುಚಿಟ್ಟ. ಒಳ್ಳೆಯ ಮನುಷ್ಯ. ಅಗಾಥಾರಿಗೆ ಮೆಚ್ಚುಗೆಯಾಗುವಂಥವನು.

ಕರಿಯದು ಮನೆಗೆ ಬಂತು. ಲೆಟ್ಟಿ ಒಡೆಯಲಿಲ್ಲ. ಹೇಳಿದಂತೆಯೇ. ಹ್ಯೂ ಬರುವವರೆಗೂ, ದೀಪ ಹಚ್ಚುವ ಹೊತ್ತಿನವರೆಗೂ, ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗಳು ಎದ್ದು ಕೂತಿದ್ದಾಳೆ ಎಂಬ ಕಾಗದವನ್ನು ಮಡಿಲಲ್ಲಿಟ್ಟುಕೊಂಡು. ಆ ಹೊತ್ತಿನಲ್ಲೇ ಟಿಲ್ಲಿ ಬಿಟ್ಟುಹೋಗಿದ್ದ ಬಟ್ಟೆಗಳನ್ನೆಲ್ಲ ಆಯಾಳನ್ನು ಕರೆದು ಕೊಟ್ಟುಬಿಟ್ಟಳಂತೆ.

ಲೆಟ್ಟಿಯದು ಅರ್ಧ ಪುಟ. "ನಿನ್ನ ಮೇಲೆ ಸಿಟ್ಟಿಲ್ಲ, ಅಕ್ಕ. ಆದರೆ ಒಂದು ದಿನ ನನ್ನ ಮಗಳು ಸತ್ತಿದ್ದಳು. ಇನ್ನು ಅವಳ ಸುದ್ದಿಯನ್ನು ನಾನು ಕಾಗದದಲ್ಲಿ ಓದುವುದಿಲ್ಲ. ಬರುವ ಹಡಗಿಗೇ ಅವಳನ್ನು ಹತ್ತಿಸು."

ಮಾರ್ಚ್ 20

"ತಲುಪೋದು ಮೇ ತಿಂಗಳಲ್ಲಿ. ಆ ಬಿಸಿಲಿಗೆ ದೊಡ್ಡವರೇ ಬಿದ್ದುಹೋಗ್ತಾರೆ. ಬದುಕ್ಲಿ ಅಂತ ತಾನೇ ಇಲ್ಲಿಗೆ ಕಳಿಸಿದ್ದು?" ಎಂದೆ. "ಮಳೆಗಾಲ ಕಳೆದ ಮೇಲೆ ಕಳಿಸ್ತೀವಿ ಅಂತ ಬರೆಯೋಣ ರೀ."

"ಬರಿ. ಓದ್ತಾಳಾ?"

ಮಸಿಕುಡಿಕೆಯ ಮುಚ್ಚಳ ಹಾಕಿದೆ.

ಸಂಜೆ ಆಂಬ್ರೋಸ್ ಹೇಳಿದರು: ಕಲ್ಕತ್ತೆಯ ಪಾದ್ರಿಯೊಬ್ಬರ ಹೆಂಡತಿ, ಮಿಸೆಸ್ ಪೆಲ್, ಏಪ್ರಿಲ್ ನಾಲ್ಕರ ಹಡಗಿಗೆ ಹೊರಟಿದ್ದಾರೆ, ಟಿಲ್ಲಿಯನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಅವರ ಧ್ವನಿ ಸರಿಯಿರಲಿಲ್ಲ. ಜ್ವರದ ರಾತ್ರಿಗಳಲ್ಲಿ ಒದ್ದೆ ಬಟ್ಟೆ ಹಿಂಡಿದವರು ಅವರೂ ಹೌದು.

ಏಪ್ರಿಲ್ 4, ಬೆಳಿಗ್ಗೆ ಹನ್ನೊಂದು

ಪೆಟ್ಟಿಗೆ ಕೆಳಗೆ ಹೋಯಿತು. ತೆಳು ಬಟ್ಟೆಗಳೆಲ್ಲ ಮೇಲೆ, ಕೆಂಪು ಸಮುದ್ರಕ್ಕೆ. ಅಗಾಥಾ ರಾತ್ರಿಯೆಲ್ಲ ಕೂತು ಬಿಳಿ ಹತ್ತಿಯ ಫ್ರಾಕು ಹೊಲಿದಿದ್ದಾರೆ. ಸೂತಕದ ಕಪ್ಪು ತೋಳುಪಟ್ಟಿ ಬೇಡವೇ ಎಂದು ಕೇಳಬೇಕೆಂದಿದ್ದೆ. "ಮಗೂಗೆ ಯಾಕೆ ಅದೆಲ್ಲ," ಎಂದು ತಿರುಗಿಕೊಂಡರು.

ಜ್ವರದಲ್ಲಿ ಕತ್ತರಿಸಿದ ಟಿಲ್ಲಿಯ ಕೂದಲು ಇನ್ನೂ ಕಿವಿಯವರೆಗಷ್ಟೇ ಬೆಳೆದಿದೆ. ನನ್ನ ಪಕ್ಕ ನಿಂತು ಈ ಪುಟ ಇಣುಕುತ್ತಿದ್ದಾಳೆ. ಓದಲು ಬರುವುದಿಲ್ಲ.

"ದೊಡ್ಡಮ್ಮಾ, ನಾನು ಸ್ಪೇನ್ ಸುತ್ಕೊಂಡು ಹೋಗೋದಾ, ಮಾರ್ಸೇಲ್ಸ್ ಮೇಲಾ?"

"ಸುತ್ಕೊಂಡು, ಪುಟ್ಟಿ."

"ಮಾರ್ಸೇಲ್ಸ್ ಮೇಲೆ ಹೋದ್ರೆ ಇನ್ನೂ ನಾಲ್ಕು ದಿನ ಇರಬಹುದಿತ್ತು ಅಲ್ವಾ?"

ಅದನ್ನು ಯಾರು ಹೇಳಿಕೊಟ್ಟರೋ. ಆಂಬ್ರೋಸ್ ಕೆಳಗಿನಿಂದ ಕರೆಯುತ್ತಿದ್ದಾರೆ, ಗಾಡಿ ಬಂದಿದೆ. ಅವಳು ಮೇಜಿನ ಕಾಲು ಬಿಡುತ್ತಿಲ್ಲ. ಎರಡು ಕೈಯಲ್ಲೂ ಹಿಡಿದಿದ್ದಾಳೆ. ಬೆರಳು ಒಂದೊಂದಾಗಿ ಬಿಡಿಸಬೇಕು, ನಾನೇ—