ಬೆನ್ನು ತಿರುಗಿಸಿ ಕೂರುವುದು

ಅಪ್ಪ,

ನೀನು ಹೋದಮೇಲೆ ನಾಯಿಗಳ ಶೆಲ್ಟರಿನ ನಿನ್ನ ಭಾನುವಾರದ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನ ರಬ್ಬರ್ ಬೂಟು ನನಗೆ ದೊಡ್ಡದು. ತುದಿಗೆ ಹಳೇ ಬಟ್ಟೆ ತುರುಕಿ ಹಾಕಿಕೊಂಡು ನೆಲ ತೊಳೆಯುತ್ತೇನೆ.

ಇವತ್ತು ಒಂದು ಕರಿನಾಯಿಯ ಮುಂದೆ ಸೋತು ಕೂತಿದ್ದೆ. ಯಾರೋ ಹೊಡೆದು ಬಿಟ್ಟುಹೋದದ್ದು. ಬಂದಾಗಿನಿಂದ ಮೂಲೆ ಬಿಟ್ಟಿಲ್ಲ, ತಟ್ಟೆ ಮುಟ್ಟಿಲ್ಲ. ನಾನು ಪುಸಲಾಯಿಸಿದಷ್ಟೂ ಗೋಡೆಗೆ ಅಂಟಿಕೊಳ್ಳುತ್ತಿತ್ತು.

“ಹೀಗೆ ಮೇಲೆ ಬಿದ್ದು ಮುದ್ದು ಮಾಡಿದ್ರೆ ಯಾರಮ್ಮ ಬರ್ತಾರೆ?” ಅಂದರು ಡಾಕ್ಟರಮ್ಮ. “ನಿಮ್ಮಪ್ಪ ಮಾಡ್ತಿದ್ದ ಹಾಗೆ ಮಾಡು. ಬೆನ್ನು ತಿರುಗಿಸಿ ಕೂತು ಜೋರಾಗಿ ಪೇಪರ್ ಓದು. ಅದಾಗೇ ಬರುತ್ತೆ.”

ಕೈಗೆ ಸಿಕ್ಕಿದ್ದು ರಾಶಿಭವಿಷ್ಯದ ಪುಟ. ಮೇಷದಿಂದ ಶುರು ಮಾಡಿದೆ. ತುಲಾ ರಾಶಿಗೆ ಬರುವಷ್ಟರಲ್ಲಿ ನನ್ನ ಬೆನ್ನಿಗೆ ಒಂದು ತಲೆ ಒರಗಿತು. ತಿರುಗಿ ನೋಡದೆ ಮೀನದವರೆಗೂ ಓದಿದೆ.

ಚಿಕ್ಕವಳಿದ್ದಾಗ ನಾನು ಮುನಿಸಿಕೊಂಡು ಮೂಲೆ ಹಿಡಿದರೆ, ನೀನು ಹೀಗೇ ಬೆನ್ನು ತಿರುಗಿಸಿ ಕೂತು ಪೇಪರನ್ನು ಜೋರಾಗಿ ಓದುತ್ತಿದ್ದೆ. ನಿನಗೂ ನನ್ನ ಮೇಲೆ ಕೋಪ ಅಂದುಕೊಂಡು ನಾನು ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದೆ.

ಅಲ್ಲಿಗೂ ಕೇಳಿಸುತ್ತಿತ್ತು, ನೀನು ಕೊನೆಯ ಪುಟದವರೆಗೂ ಓದುತ್ತಿದ್ದದ್ದು.