ಹೆಸರು ಹೇಳಿ ಕುಯ್ಯಿ

ಕೊಡಿಗೇಹಳ್ಳಿ,
೧೪–೨–೧೯೫೭, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಚಳಿ ಇನ್ನೂ ಬಿಟ್ಟಿಲ್ಲ, ಬೆಳಗಿನ ಹೊತ್ತು ಮಾವನ ಮನೆಯ ಆ ಕಲ್ಲುಜಗಲಿಯ ಮೇಲೆ ಕೂರಬೇಡ. ಮಾವ ಈಗಲೂ ರಾತ್ರಿಯಿಡೀ ಗೊರಕೆ ಹೊಡೆದು ಬೆಳಿಗ್ಗೆ ಎದ್ದು ‘ನಿದ್ದೇನೇ ಬರ್ಲಿಲ್ಲ ಕಣಮ್ಮಿ’ ಅನ್ನುತ್ತಾರೋ ಏನೋ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಕೆಂದಹಸು ಕರು ಹಾಕಿದೆ, ಹೆಣ್ಣುಕರು. ನಿನ್ನ ಸೊಸೆ ಲಕ್ಕಮ್ಮ ನಿನಗೆಂದು ಹುರುಳಿ ಕಟ್ಟಿಟ್ಟಿದ್ದಾಳೆ. ಅದರ ಜೊತೆ ಎಳ್ಳುಂಡೆಗಳೂ ಇವೆ, ಕಲ್ಲಿನ ಹಾಗಾಗಿವೆ, ನಿನ್ನ ಹಲ್ಲಿಗೆ ಆಗುವುದಿಲ್ಲ, ಗೌರಿಗೆ ಕೊಡು. ಗೌರಿ, ಮಾವನ ಮನೆಯಲ್ಲಿ ಓದು ಬರುವವಳು ಮಗಳಾದ ನೀನೊಬ್ಬಳೇ, ಆದ್ದರಿಂದ ಈ ಮಾತು ನಿನಗೆ: ಒಂದಕ್ಷರ ನುಂಗಬಾರದು. ನಿನ್ನತ್ತೆ, ಅಂದರೆ ನನ್ನಮ್ಮ, ನಡುವೆ ‘ಸಾಕು ನಿಲ್ಸೇ’ ಅಂದರೂ ನಿಲ್ಲಿಸಬಾರದು. ಅವಳು ಎದ್ದು ಹೋದರೆ ಹಿಂದೆ ಹೋಗಿ ಓದು.

ಅಮ್ಮಾ, ಕೋರ್ಟಿನವರು ಚಿಕ್ಕಬೈರಪ್ಪನನ್ನು ಬಿಟ್ಟುಬಿಟ್ಟ ದಿನ ನೀನು ಬಸ್ಸು ಹತ್ತುತ್ತಾ ನನಗೂ ತಮ್ಮ ಮಾರನಿಗೂ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ‘ಅವನ ಎಣ ಬಿದ್ದ ದಿನ ಬಂದು ಕರ್ಕಂಡೋಗ್ರಿ. ಅಲ್ಲೀಗಂಟ ನಾನು ನಿಮ್ಗೆ ತಾಯಿ ಅಲ್ಲ.’ ನಿನ್ನದು ತಪ್ಪೆಂದು ನಾನು ಹೇಳುವುದಿಲ್ಲ. ಅಪ್ಪನ ಚಿಕ್ಕಪ್ಪನ ಮಗನೇ ಆಗಿ, ನೀರಿನ ಸರದಿಯ ಜಗಳಕ್ಕೆ ಕೆರೆಯ ತೂಬಿನ ಹತ್ತಿರ ಗುದ್ದಲಿಯಲ್ಲಿ ಅಪ್ಪನ ತಲೆ ಒಡೆದವನು ಅವನು. ಊರಿಗೆ ಊರೇ ಕಂಡಿತ್ತು. ಕಟಕಟೆಯಲ್ಲಿ ನಿಂತಾಗ ಮಾತ್ರ ಒಬ್ಬೊಬ್ಬರೂ ‘ನಾನು ದನ ನೋಡ್ತಿದ್ದೆ ಸ್ವಾಮಿ’ ಅಂದರು. ಅಪ್ಪನ ಮಿದುಳನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡು ಗಾಡಿಯಲ್ಲಿ ಕೂತಿದ್ದವಳು ನೀನು. ನಿನಗೆ ಸಿಟ್ಟು ಬರದೆ ಇನ್ನಾರಿಗೆ ಬರಬೇಕು? ನನಗೂ ಬಂದಿತ್ತು. ಈಗಲೂ ಇದೆ, ಈ ಕಾಗದ ಬರೆಯುವಾಗಲೂ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ಪಿಳ್ಳಪ್ಪ ಚಿಕ್ಕಬೈರಪ್ಪನ ಮೇಲೆ ಮಚ್ಚು ಎತ್ತಿದನಂತೆ, ಮುಗಿಸುವಷ್ಟರಲ್ಲಿ ಲಾಲ್ ಸಾಬರು ಬಂದು ಕೆಡಿಸಿದರಂತೆ ಎಂದು ನಿನಗೆ ಯಾರೋ ಹೇಳಿರುತ್ತಾರೆ. ಹೇಳಿದವರ ಬಾಯಿಗೆ ಮಣ್ಣು ಹಾಕ. ನಡೆದದ್ದನ್ನು ಮಚ್ಚು ಎತ್ತಿದ ನನ್ನಿಂದಲೇ ಕೇಳು.

ಲಾಲ್ ಸಾಬರ ವಿಷಯ ನಿನಗೆ ಗೊತ್ತು, ಗೌರಿಗೆ ಗೊತ್ತಿಲ್ಲ. ನಮ್ಮ ಹಿತ್ತಿಲ ಕಳ್ಳಿಬೇಲಿಯ ಆಚೆಗೇ ಅವರ ಮಾಂಸದ ಅಂಗಡಿ, ಅಂಗಡಿಯ ಹಿಂದೆ ಕುರಿ ಕುಯ್ಯುವ ಅಂಗಳ. ನಾನು ಹುಟ್ಟಿದಾಗಿನಿಂದ ಬೆಳಗಾಗ ಎದ್ದು ನೋಡಿದ್ದು ಅದನ್ನೇ. ಸಾಬರೇನು ಸಾಧುವಲ್ಲ. ಬಾಯಿ ಕೆಟ್ಟದ್ದು, ಕೊಬ್ಬು ಜಾಸ್ತಿ ಹಾಕಿ ಅಂದರೆ ‘ನಿನ್ನ ಮೈಯಾಗಿನ್ದು ಸಾಲ್ದಾ’ ಅನ್ನುತ್ತಾರೆ, ಲಿವರ್ ವಿಚಾರದಲ್ಲಿ ಅಪ್ಪನಿಗೂ ಅವರಿಗೂ ಪ್ರತಿ ಹಬ್ಬಕ್ಕೂ ಜಗಳ. ಆದರೆ ಚೂರಿ ಹಿಡಿಯುವುದರಲ್ಲಿ ಅವರದೊಂದು ಪದ್ಧತಿ. ಬೆಳಗಿನ ನಮಾಜು ಮುಗಿಸಿ ಬಂದು ಮಣ್ಣಿನ ಬೋಗುಣಿಯಲ್ಲಿ ಕುರಿಗೆ ನೀರು ಹಿಡಿಯುತ್ತಾರೆ, ಅದು ಸಾಕೆಂದು ಮುಖ ತಿರುಗಿಸುವ ತನಕ ಕಾಯುತ್ತಾರೆ. ಉಳಿದ ಕುರಿಗಳನ್ನು ಗೋಡೆಯ ಹಿಂದಕ್ಕೆ ಕಟ್ಟುತ್ತಾರೆ, ಒಂದರ ಸಾವು ಇನ್ನೊಂದರ ಕಣ್ಣಿಗೆ ಬೀಳಬಾರದು. ಚೂರಿ ಮಸೆಯುವುದು ಮನೆಯ ಒಳಗೆ. ಆಮೇಲೆ ಅವರ ದೇವರ ಹೆಸರನ್ನು ಬಾಯಿಬಿಟ್ಟು ಹೇಳಿ, ಒಂದೇ ಎಳೆತ. ಹೊರಗೆ ಗಿರಾಕಿಗಳು ಗೊಣಗುತ್ತಿದ್ದರೆ ಗೊಣಗಲಿ. ‘ಸಾಬ್ರೇ, ಸಾಯೋ ಕುರಿಗೆ ಕಾಪಿ ಬ್ಯಾಡ್ವಾ?’ ಎಂದು ನಾನು ಬೇಲಿಯ ಮೇಲಿಂದ ಕಿಚಾಯಿಸುತ್ತಿದ್ದೆ. ‘ಓಗೋಗು, ಮೊದ್ಲು ಅಲ್ಲುಜ್ಜು’ ಅನ್ನುತ್ತಿದ್ದರು. ಒಂದು ಸಲ ಹಬ್ಬದ ಹಿಂದಿನ ದಿನ ಅವರು ಯಾರ ಜೊತೆಗೋ ಕೈಕೈ ಮಿಲಾಯಿಸಿ ಬಂದು, ಅಷ್ಟು ಗಿರಾಕಿ ನಿಂತಿದ್ದರೂ ಅಂಗಡಿಯ ಬಾಗಿಲು ಹಾಕಿಬಿಟ್ಟರು. ಯಾಕೆ ಸಾಬ್ರೇ ಅಂದೆ. ‘ಜೀವ ನನ್ದಲ್ಲ ಬೇಟಾ. ಕೊಟ್ಟೋನ ಹೆಸ್ರು ಬಾಯಿಗೆ ನೆಟ್ಟಗೆ ಬರ್ತಿಲ್ಲ ಇವತ್ತು. ಚೂರಿ ಮುಟ್ಟಂಗಿಲ್ಲ’ ಅಂದರು. ಹುಚ್ಚು ಮುದುಕ ಅಂದುಕೊಂಡೆ.

ಸಂಕ್ರಾಂತಿ ಕಳೆದ ಭಾನುವಾರ ಬೆಳಿಗ್ಗೆ ಚಿಕ್ಕಬೈರಪ್ಪ ಕೈಚೀಲ ಹಿಡಿದು ಮಾಂಸಕ್ಕೆ ಬಂದ. ಕೋರ್ಟಿನಿಂದ ಬಿಟ್ಟು ಬಂದ ಮೇಲೆ ಅವತ್ತು ನೆಂಟರಿಗೆಲ್ಲ ಊಟವಂತೆ. ತೊಡೆ ಬೇಕು, ಎಳೆಯದಾಗಿರಲಿ ಎಂದು ಅವನು ನಗುತ್ತಾ ಹೇಳುವುದು ಬೇಲಿಯ ಈಚೆಗೆ ನನಗೆ ಕೇಳಿಸಿತು. ಅಮ್ಮಾ, ಆ ನಗು ಕೇಳಿದ ಮೇಲೆ ನನಗೆ ಕಣ್ಣು ಕಾಣಲಿಲ್ಲ. ಸೌದೆ ಕಡಿಯುತ್ತಿದ್ದ ಮಚ್ಚು ಕೈಯಲ್ಲೇ ಇತ್ತು. ಬೇಲಿ ಹಾರಿದೆ, ಕಳ್ಳಿಮುಳ್ಳು ತೊಡೆ ಸಿಗಿದದ್ದು ಸಂಜೆ ಗೊತ್ತಾಯಿತು. ಮೊದಲ ಏಟು ಅವನ ಬಲಭುಜಕ್ಕೆ ಬಿತ್ತು, ಮೂಳೆ ಮುರಿದ ಸದ್ದು ಕೇಳಿಸಿತು. ‘ಪಿಳ್ಳಾ, ಬ್ಯಾಡ ಕಣ್ಲಾ’ ಎಂದು ಕೂಗುತ್ತಾ ಅವನು ಅಂಗಡಿಯ ಹಿಂದಕ್ಕೆ ಓಡಿದ. ಅಂಗಳದಲ್ಲಿ ಹಿಂದಿನ ದಿನದ ರಕ್ತ ಇನ್ನೂ ಅಂಟುತ್ತಿತ್ತು, ಕಾಲು ಜಾರಿ ಕುರಿಗಳ ನಡುವೆ ಮಕಾಡೆ ಬಿದ್ದ. ಎರಡನೆಯ ಏಟು ಬೆನ್ನಿಗೆ. ಬಟ್ಟೆ ಸೀಳಿ ಕೆಂಪಗೆ ಬಾಯಿಬಿಟ್ಟುಕೊಂಡಿತು. ಅವನನ್ನು ಹೊರಳಿಸಿ ಎದೆಯ ಮೇಲೆ ಮಂಡಿಯೂರಿದೆ, ಜುಟ್ಟು ಹಿಡಿದು ಕತ್ತು ಎಳೆದೆ. ಕುರಿಗಳು ಹಗ್ಗ ಜಗ್ಗಿ ಅರಚುತ್ತಿದ್ದವು. ಅಪ್ಪನ ಹೆಸರು ಹೇಳಿ ಅವನ ಮುಖಕ್ಕೆ ಉಗಿದೆ.

ಸಾಬರು ಕೂಗಲಿಲ್ಲ, ಹಿಡಿದೆಳೆಯಲಿಲ್ಲ. ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಕುರಿಗಳ ಹಗ್ಗ ಬಿಚ್ಚಿ ಅವನ್ನು ಗೋಡೆಯ ಹಿಂದಕ್ಕೆ ಓಡಿಸಿದ್ದು. ಆಮೇಲೆ ಬೋಗುಣಿಯಲ್ಲಿ ನೀರು ತಂದರು. ನನ್ನ ಮೇಲೆ ಎರಚುತ್ತಾರೆ ಅಂದುಕೊಂಡೆ. ಎರಚಲಿಲ್ಲ. ಬಗ್ಗಿ, ನನ್ನ ಮಂಡಿಯ ಕೆಳಗಿದ್ದ ಆ ಬೇವಾರ್ಸಿಯ ಬಾಯಿಗೆ ಹಿಡಿದರು. ಅವನು ಗಟಗಟ ಕುಡಿದ, ಅರ್ಧ ನೀರು ಅರ್ಧ ರಕ್ತ. ಅವನು ಸಾಕೆಂದು ಮುಖ ತಿರುಗಿಸುವ ತನಕ ಸಾಬರು ಕಾದರು. ಕಾದು, ನನ್ನ ಮುಖ ನೋಡಿ ಹೇಳಿದರು: ‘ಈಗ ನಿಮ್ಮ ದೇವ್ರ ಹೆಸ್ರು ಹೇಳು ಪಿಳ್ಳಪ್ಪಾ. ಜೋರಾಗ್ ಹೇಳು. ಹೆಸ್ರು ಹೇಳಿ ಕುಯ್ಯಿ. ನಾನು ತಡೆಯಾಕಿಲ್ಲ.’

ಅದೇನು ಮಹಾ ಎಂದುಕೊಂಡೆ. ಮುನೇಶ್ವರನ ಮುಂದೆ ಅವನ ಹೆಸರು ಹೇಳಿ ನಾನು ಎಷ್ಟು ಹುಂಜ ಕುಯ್ದಿಲ್ಲ? ಒಂದು ದಿನವೂ ನಾಲಿಗೆ ತಡವರಿಸಿದ್ದಿಲ್ಲ. ಮಚ್ಚು ಎತ್ತಿ ಬಾಯಿ ತೆರೆದೆ. ‘ಮು’ ಅನ್ನುವುದು ಬಂತು, ಮುಂದಿನದು ಬರಲಿಲ್ಲ. ಇನ್ನೊಂದು ಸಲ ತೆರೆದೆ, ಬರಲಿಲ್ಲ. ನನಗೆ ಅವನ ಮೇಲೆ ಕನಿಕರ ಬಂತೆಂದು ತಿಳಿಯಬೇಡ ಅಮ್ಮಾ, ನಿನ್ನಾಣೆಗೂ ಬರಲಿಲ್ಲ. ಬಂದದ್ದು ಸಾಬರ ಮೇಲೆ ಸಿಟ್ಟು. ನನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡರಲ್ಲ ಎಂಬ ಹುಚ್ಚು ಸಿಟ್ಟು. ‘ಅಡ್ಡ ಬರ್ಬ್ಯಾಡ ಕಣೋ’ ಎಂದು ಜೀವಮಾನದಲ್ಲಿ ಮೊದಲ ಸಲ ಅವರಿಗೆ ಏಕವಚನ ಹಾಕಿ ಮಚ್ಚು ಬೀಸಿಬಿಟ್ಟೆ. ಬೋಗುಣಿ ಒಡೆಯಿತು. ಅದನ್ನು ಹಿಡಿದಿದ್ದ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ನೆಲಕ್ಕೆ ಬಿದ್ದವು.

ಇಲ್ಲಿ ಗೌರಿ ನಿಧಾನವಾಗಿ ಓದಲಿ. ಸಾಬರು ಬಿದ್ದ ಬೆರಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಬಲಗೈ ಸೊಂಟದ ಚೂರಿಗೆ ಹೋಯಿತು. ಹೋದದ್ದು ನಾನು ಕಣ್ಣಾರೆ ಕಂಡೆ, ಹಿಡಿಯನ್ನು ಬಿಗಿಯಾಗಿ ಹಿಡಿದದ್ದೂ ಕಂಡೆ. ನಾನೋ ಮಂಡಿಯೂರಿ ಕೂತಿದ್ದೆ, ಕತ್ತು ಅವರ ಕೈಗೆ ಸಿಗುವಷ್ಟು ಹತ್ತಿರ. ಮೂವತ್ತು ವರ್ಷ ಚೂರಿ ಹಿಡಿದ ಕೈ ಅದು, ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕಥೆ ಮುಗಿಯುತ್ತಿತ್ತು. ಮುಖ ಕಪ್ಪಿಟ್ಟಿತ್ತು, ಮೀಸೆ ಅದುರುತ್ತಿತ್ತು. ದಿನವೂ ಚೂರಿ ಮುಟ್ಟಿದಾಗ ಅಲ್ಲಾಡುವ ಹಾಗೆ ತುಟಿ ಅಲ್ಲಾಡಿತು. ಹೆಸರು ಅವರ ಬಾಯಿಗೂ ಬರಲಿಲ್ಲ ಅಮ್ಮಾ. ತುಟಿ ಹಾಗೇ ನಿಂತಿತು. ಕೈ ಚೂರಿಯಿಂದ ಬಿಟ್ಟಿತು. ಹೆಗಲ ಮೇಲಿನ ಟವಲನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಎಡಗೈಗೆ ಸುತ್ತಿಕೊಂಡು ‘ಗಾಡಿ ಕಟ್ಟು. ಇವ್ನು ಸಾಯ್ತಾನೆ’ ಅಂದರು.

ನನ್ನ ಮಚ್ಚು ಬಿದ್ದದ್ದು ಆಗ. ಹೆಸರು ಹೇಳು ಅಂದದ್ದು ನನ್ನೊಬ್ಬನನ್ನು ತಡೆಯುವುದಕ್ಕೆ ಹೂಡಿದ ಉಪಾಯ ಅಲ್ಲ ಎಂದು ಆಗ ತಿಳಿಯಿತು. ಅಷ್ಟು ವರ್ಷ ದಿನ ಬೆಳಗಾದರೆ ಒಂದು ಮೂಕಪ್ರಾಣಿಯ ಮುಂದೆ ಯಾರ ಮಾತಿಗೆ ಅವರು ತಲೆಬಾಗಿದರೋ, ಅವನು ಆ ಅಂಗಳದಲ್ಲಿ ಇದ್ದ. ಇದ್ದು ಅವರ ಕೈ ಹಿಡಿದ. ದೇವಸ್ಥಾನದಲ್ಲಿ ನಾನು ಕೈಮುಗಿದು ನಿಂತಾಗಲೂ ಹುಂಜದ ಸಾರಿನ ಯೋಚನೆಯೇ ಮಾಡಿದವನು, ನಿನಗೆ ಗೊತ್ತು. ನಾನು ದೇವರನ್ನು ಕಂಡೆ ಎಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಲಕ್ಕಮ್ಮ ಓದಿದರೆ ನಗುತ್ತಾಳೆ. ಆದರೂ ಬರೆಯುತ್ತೇನೆ. ಕಂಡೆ. ಹೆದರಿಕೆಯಾಯಿತು. ನಾನು ನಮ್ಮ ಮುನೇಶ್ವರನನ್ನು ಬಿಟ್ಟಿಲ್ಲ, ಬಿಡು ಎಂದು ಸಾಬರೂ ಹೇಳಿಲ್ಲ. ಅವನ ಹೆಸರು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತಲ್ಲ, ಅದೇ ಅವನೂ ಅಲ್ಲಿದ್ದ ಅನ್ನುವುದಕ್ಕೆ ಗುರುತು ಎಂದು ನಂಬಿದ್ದೇನೆ.

ನಮ್ಮ ಗಾಡಿಯಲ್ಲೇ ಇಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಗೆ ಹಾಕಿಕೊಂಡು ಹೋದೆ. ಹೆಬ್ಬಾಳದ ಕೆರೆ ಏರಿ ದಾಟುವ ತನಕ ಚಿಕ್ಕಬೈರಪ್ಪ ‘ಅಮ್ಮಾ ಅಮ್ಮಾ’ ಎಂದು ಅರಚಿದ, ಆಮೇಲೆ ಅದೂ ನಿಂತಿತು. ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಅಲ್ಲೇ ಏರಿಯಿಂದ ಕೆಳಕ್ಕೆ ನೂಕುತ್ತಿದ್ದೆನೋ ಏನೋ. ಬದುಕಿದ್ದಾನೆ. ಬಲಗೈ ಇನ್ನು ಮೇಲೇಳುವುದಿಲ್ಲವಂತೆ, ಗುದ್ದಲಿ ಹಿಡಿದ ಕೈ ಅದು. ಪೊಲೀಸಿನವರು ಕೇಳಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಸಾಬರು ಸುಳ್ಳು ಹೇಳುವವರಲ್ಲ. ‘ನನ್ನ ಕೈ ನನ್ನ ಮಾತು, ನಾನು ದೂರು ಕೊಡಾಕಿಲ್ಲ’ ಅಂದರು, ಇನ್ನೆಷ್ಟು ಗದರಿಸಿದರೂ ಬಾಯಿ ಬಿಡಲಿಲ್ಲ. ಗಾಯ ಮಾಯುವ ಮೊದಲೇ ಅಂಗಡಿ ತೆಗೆದರು. ಮೂರು ಬೆರಳಿನ ಕೈಯಲ್ಲಿ ಬೋಗುಣಿ ನಿಲ್ಲುವುದಿಲ್ಲ ಎಂದು ಬೆಳಿಗ್ಗೆ ಕುರಿಗೆ ನೀರು ಹಿಡಿಯುವುದಕ್ಕೆ ನಾನೇ ಬೇಲಿ ದಾಟಿ ಹೋಗುತ್ತೇನೆ. ಒಳ್ಳೆಯವನಾಗಿ ಹೋಗುತ್ತೇನೆಂದು ತಿಳಿಯಬೇಡ. ಹೋಗದಿದ್ದರೆ ಆ ದಿನ ಊಟ ಸೇರುವುದಿಲ್ಲ. ಸಾಬರು ಕೊಬ್ಬಿನ ವಿಷಯಕ್ಕೆ ಬೈಯುವುದನ್ನೇನೂ ಬಿಟ್ಟಿಲ್ಲ.

ಮಾರ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಬಿಟ್ಟು ಬಂದಿದ್ದಾನೆ. ನನ್ನ ಜೊತೆ ಮಾತಿಲ್ಲ. ‘ಸೀರೆ ಉಟ್ಕೋ ಓಗು’ ಎಂದು ನನ್ನ ಮುಂದೆ ಲಕ್ಕಮ್ಮನ ಸೀರೆ ಎಸೆದ. ಕಪಾಳಕ್ಕೆ ಬಿಟ್ಟೆ, ಅವನೂ ಬಿಟ್ಟ, ನನ್ನ ಮುಂದಿನ ಹಲ್ಲೊಂದು ಹೋಯಿತು. ಅವನು ಅಪ್ಪನನ್ನು ಹೊತ್ತು ತಂದವನು, ಅವನಿಗೂ ಹೇಳಿ ತಿಳಿಯುವಂಥದ್ದಲ್ಲ ಇದು.

ನಿನ್ನ ಮಾತು ನಡೆಸದೆ ನಿನ್ನನ್ನು ಮನೆಗೆ ಕರೆಯುವ ಹಕ್ಕು ನನಗಿಲ್ಲ. ಆದರೆ ಮನೆ ನಿನ್ನದು. ಮಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಗೌರಿಗೆ ಆಶೀರ್ವಾದ. ನನಗೆ ನಿನ್ನ ಆಶೀರ್ವಾದ ಕೇಳುವುದಕ್ಕೆ ಈ ಸಲ ಬಾಯಿ ಬರುತ್ತಿಲ್ಲ, ನಿನ್ನ ಪಾದ ಮುಟ್ಟಿದ್ದೇನೆಂದು ತಿಳಿದುಕೋ.

ಇಂತು ನಿನ್ನ ಹಿರಿಯ ಮಗ,
ಪಿಳ್ಳಪ್ಪ

ಮರೆತ ಮಾತು: ಅಮ್ಮಾ, ಅಂಚೆಗೆ ಹಾಕುವಷ್ಟು ಹೊತ್ತಿಲ್ಲ. ನಿಮ್ಮ ಕಡೆಯ ಕುರಿಸಂತೆಗೆ ಹೊರಟ ಲಾಲ್ ಸಾಬರ ಕೈಯಲ್ಲೇ ಇದನ್ನು ಕೊಟ್ಟಿದ್ದೇನೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡ. ಶನಿವಾರ ಚಿಕ್ಕಬೈರಪ್ಪನನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಅದು ಮಾರನಿಗೆ ಗೊತ್ತಾಗಿದೆ, ಮಚ್ಚು ಮಸೆದಿಟ್ಟಿದ್ದಾನೆ. ನಾಳೆ ಮೊದಲ ಬಸ್ಸಿಗೆ ಅವನು ನಿನ್ನ ಹತ್ತಿರ ಬರುತ್ತಾನೆ, ‘ಅಮ್ಮನ ಆಶೀರ್ವಾದ ತಗೊಂಡೇ ಓಗೋದು’ ಎಂದು ಲಕ್ಕಮ್ಮನಿಗೆ ಹೇಳಿದ್ದಾನೆ. ನಾನು ಹೇಳಿದರೆ ಕೇಳುವುದಿಲ್ಲ, ಸಾಬರು ಹೇಳಿದರೂ ಕೇಳುವುದಿಲ್ಲ. ಬಂದವನೇ ನಿನ್ನ ಕಾಲಿಗೆ ಬೀಳುತ್ತಾನೆ. ಅವನ ತಲೆಯ ಮೇಲೆ ಕೈ ಇಡಬೇಡ ಅಮ್ಮಾ.