ಗಾಡಿಯ ಅರ್ಥ

ಮನೆಯಿಂದ,
ಭಾನುವಾರ ಬೆಳಿಗ್ಗೆ

ತವರಿನಲ್ಲಿ ಕೂತಿರುವ ನನ್ನ ಸೊಸೆರಾಣಿಗೆ,

ಅಂಗೈಯ ಸುಟ್ಟ ಗಾಯ ಒಣಗಿತೇ? ಬೆರಳು ಮಡಚಲು ಬರುತ್ತದೆಯೇ? ನಿಮ್ಮಮ್ಮ ನಿನಗೆ ಒಂದು ಲೋಟವನ್ನೂ ಎತ್ತಲು ಬಿಡುತ್ತಿಲ್ಲವಂತೆ. ಸದ್ಯಕ್ಕೆ ಸರಿ, ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡ. ಇಲ್ಲಿ ನಿನ್ನ ಗಂಡ ಇಸ್ತ್ರಿ ಬಟ್ಟೆಯ ಗಂಟುಗಳನ್ನು ಸೈಕಲ್ ಮೇಲೆ ಹೇರಿಕೊಂಡು ಮನೆಮನೆಗೆ ಕೊಟ್ಟು ಬರುತ್ತಿದ್ದಾನೆ. ವ್ಯಾನ್ ಓಡಿಸಲು ಬಾರದವನು ಇನ್ನೇನು ಮಾಡಿಯಾನು? ಮೊನ್ನೆ ವಕೀಲರ ಕರಿ ಕೋಟು ಡಾಕ್ಟರ ಮನೆ ಸೇರಿತ್ತು.

ಈಗ ನಿನ್ನ ವ್ಯಾನಿನ ಸುದ್ದಿ. ಮುಖ ಸಿಂಡರಿಸಬೇಡ, ಪೂರ್ತಿ ಓದು. ಅವತ್ತು ಶಾರ್ಟಾಗಿ ಹೊಗೆ ಬಂದಾಗ ನೀನು ಬರಿಗೈಯಲ್ಲಿ ಕಿತ್ತೆಯಲ್ಲ, ಆ ವೈರನ್ನು ಮೆಕ್ಯಾನಿಕ್ ಬದಲಾಯಿಸಿದ. ಫ್ಯೂಸೂ ಹೊಸದು, ಬ್ಯಾಟರಿಯೂ ಹೊಸದು. ಆದರೂ ಕೀಲಿ ತಿರುಗಿಸಿದರೆ ಟಕ್ ಅನ್ನುವುದು, ದೀಪ ಮಂಕಾಗುವುದು, ಅಷ್ಟೇ. ಜಪ್ಪಯ್ಯ ಅಂದರೂ ಇಂಜಿನ್ ಅಲುಗಲಿಲ್ಲ. ನಿನ್ನ ಗಂಡ ಗುಜರಿಯವನಿಗೆ ಬರಹೇಳಿಯೇಬಿಟ್ಟ. “ಇನ್ನು ಅದನ್ನ ಮುಟ್ಟಲ್ಲ ಅಂತ ಅವಳೇ ಅಂದಿದ್ದಾಳಲ್ಲಮ್ಮ” ಅಂದ. ನನಗೆ ರೇಗಿಹೋಯಿತು. ನೋವಿನಲ್ಲಿ ಆಡಿದ ಮಾತಿಗೆ ಯಾರಾದರೂ ಗಾಡಿ ಮಾರುತ್ತಾರೆಯೇ? ಸ್ಟಿಯರಿಂಗ್ ಹಿಡಿದು ಕೂತಾಗ ನಿನ್ನ ಮುಖಕ್ಕೆ ಬರುವ ಠೀವಿ ನಾನು ನೋಡಿದ್ದೇನೆ. ಅದನ್ನು ತೂಕಕ್ಕೆ ಹಾಕಲು ಬಿಡುವುದಿಲ್ಲ ಅಂತ ಹಟ ಹಿಡಿದೆ.

ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಸ್ಟಾರ್ಟರ್ ಹೋಗಿರಬೇಕು, ಇನ್ನು ಬಿಟ್ಟುಬಿಡಿ ಅಂದ. ಆಗ ನಿನ್ನ ಮಾತು ನೆನಪಾಯಿತು. ಗಾಡಿ ಮುನಿಸಿಕೊಂಡಾಗಲೆಲ್ಲ “ಮೊದಲು ಅರ್ಥ ನೋಡ್ಬೇಕು ಅತ್ತೆ” ಅನ್ನುತ್ತಿದ್ದೆಯಲ್ಲ. ಈ ಹುಡುಗಿ ಡಬ್ಬಾ ಗಾಡಿಯಲ್ಲೂ ವೇದಾಂತ ಹುಡುಕುತ್ತಾಳಲ್ಲ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಬೇರೆ ದಾರಿ ಕಾಣದೆ ಅವನಿಗೂ ಅದನ್ನೇ ಕೇಳಿದೆ: “ಇದರ ಅರ್ಥ ನೋಡಿದ್ಯೇನಪ್ಪಾ?” ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ “ಅಯ್ಯೋ, ಅರ್ತಾ!” ಅಂತ ಹಣೆ ಚಚ್ಚಿಕೊಂಡು ಗಾಡಿಯೊಳಗೆ ತಲೆ ತೂರಿಸಿದ. ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ದಪ್ಪ ಕರಿ ವೈರಿಗೆ ಇಂಗ್ಲಿಷಿನಲ್ಲಿ ಅರ್ತ್ ಅನ್ನುತ್ತಾರಂತೆ, ನೀನು ಹೇಳುತ್ತಿದ್ದದ್ದು ಅದನ್ನಂತೆ! ಮೇಲೆ ನೋಡಿದರೆ ಗಟ್ಟಿಯಾಗಿ ಕೂತಂತಿತ್ತು, ಬೋಲ್ಟಿನ ಅಡಿಯಲ್ಲಿ ಸುಟ್ಟು ತುಕ್ಕು ಹಿಡಿದಿತ್ತು. ಅವನು ಬಿಚ್ಚಿದ, ನಾನು ಉಪ್ಪುಕಾಗದ ತಗೊಂಡು ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ, ನಿನ್ನ ಗಂಡ ಯಾರೂ ಕರೆಯದೆಯೇ ಬಂದು ಟಾರ್ಚ್ ಹಿಡಿದ. ಮತ್ತೆ ಬಿಗಿದ ಮೇಲೆ ಕೀಲಿ ತಿರುಗಿಸಿದ್ದು ನಾನು. ಒಂದೇ ಏಟಿಗೆ ಗುರ್ರ್ ಅಂತು! ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಿನ್ನ ಗಂಡನೇ.

ನಿನಗೆ ಹೆದರಿಕೆ ಇದೆ ಅಂತ ಗೊತ್ತು ಮಗಳೇ. ಅವತ್ತು ನೀನು ಕಿರುಚಿದ್ದು ನನ್ನ ಕಿವಿಯಿಂದಲೂ ಹೋಗಿಲ್ಲ. ಕೀಲಿ ತಿರುಗಿಸುವ ಮೊದಲು ನಾನೂ ಸೆರಗನ್ನು ಕೈಗೆ ಸುತ್ತಿಕೊಂಡೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ. ಔಷಧಿ ತಪ್ಪಿಸಬೇಡ. ನಿಮ್ಮಮ್ಮನಿಗೆ ನನ್ನ ನಮಸ್ಕಾರ, ನಿನ್ನ ಕೈಗೆ ನನ್ನ ಆಶೀರ್ವಾದ.

ಇಂತಿ,
ನಿನ್ನ ಹಟಮಾರಿ ಅತ್ತೆ

ಹೇಳಲು ಮರೆತೆ: ಗುಜರಿಯವನು ಬಂದಿದ್ದ. ಗಾಡಿ ಮಾರುವುದಿಲ್ಲ, ಓಡಿಸುವವಳು ರಜೆಯಲ್ಲಿದ್ದಾಳೆ ಅಂತ ಹೇಳಿ ಕಳಿಸಿದೆ. ನಾನು ಹೇಳಿದ್ದು ನಿಜವೋ ಸುಳ್ಳೋ, ಬೇಗ ಬರೆ.